ಅಪ್ಪನ ಕಾರಿನ ರೋಟರ್

ಅಪ್ಪನ ಕಾರಿನ ರಿಪೇರಿ ನನ್ನ ಕೈಗೆ ಬಂದು ಆರು ವರ್ಷವಾಯಿತು. ಗ್ಯಾರೇಜಿಗೆ ಹೆಂಗಸು ಹೋದರೆ ಸಾಕು, ಮಗುವಿಗೆ ಹೇಳಿದಂತೆ ನಿಧಾನವಾಗಿ ಮಾತಾಡುತ್ತಾರೆ. ಆ ಸಿಟ್ಟಿಗೇ ಸ್ಪ್ಯಾನರ್ ಹಿಡಿದೆ. ಮೂವತ್ತು ವರ್ಷದ ಪುಟ್ಟ ಕಾರು ಅದು. ಪದ್ಮನಾಭನಗರದ ನಮ್ಮ ಮನೆಯ ಗೇಟಿನೊಳಗೆ ಭಾನುವಾರಗಳಂದು ಕೆಲಸ. ಬಿಚ್ಚಿದ ಪ್ರತಿ ಬೋಲ್ಟನ್ನೂ ಹಳೆಯ ಪೇಪರಿನ ಮೇಲೆ ಕ್ರಮವಾಗಿ ಜೋಡಿಸುವುದನ್ನು ಕಲಿಸಿದವರು ಅಪ್ಪನೇ.

ಹೋದ ವರ್ಷ ಇಟ್ಟಮಡುವಿನ ತಿರುವಿನಲ್ಲಿ ಅಪ್ಪ ಹೂವಿನ ಗಾಡಿಯೊಂದಕ್ಕೆ ಗೇಣು ದೂರದಲ್ಲಿ ಬ್ರೇಕ್ ಹಾಕಿದರು. ಗಾಡಿಯವಳು ಎಡಗಡೆಯಿಂದ ಸಾವಕಾಶವಾಗಿ ತಳ್ಳಿಕೊಂಡು ಬರುತ್ತಿದ್ದುದನ್ನು ಪಕ್ಕದಲ್ಲಿದ್ದ ನಾನು ಆಗಲೇ ನೋಡಿದ್ದೆ, ಅಪ್ಪ ನೋಡಿರಲಿಲ್ಲ. ಅವಳೇ ಅಡ್ಡ ಬಂದಳು ಎಂದರು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಎರಡೂ ಪಕ್ಕದ ನೋಟ ಹೋಗಿದೆ, ಇನ್ನು ಗಾಡಿ ಓಡಿಸಬೇಡಿ ಎಂದರು. ಅಪ್ಪ ಕೇಳಿಸದವರಂತೆ ಕೂತಿದ್ದರು. ಮಾರನೆಯ ದಿನವೇ ಕೀ ಹಿಡಿದು ಹಾಲು ತರಲು ಹೊರಟರು.

ಊರಿಗೆಲ್ಲ ಮುಖಕ್ಕೆ ಹೊಡೆದಂತೆ ಮಾತಾಡುವ ನಾನು ಅಪ್ಪನ ಮುಂದೆ ಮಾತ್ರ ಹೇಡಿ. ಅವರು ಹಾಲು ತಂದು ಸ್ನಾನಕ್ಕೆ ಹೋದಾಗ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿದ್ದ ರೋಟರನ್ನು ಕಿತ್ತು ಆಫೀಸಿನ ಬ್ಯಾಗಿಗೆ ಹಾಕಿಕೊಂಡೆ. ಹೆಬ್ಬೆರಳಿನಷ್ಟು ತುಂಡು ಅದು. ಅದಿಲ್ಲದಿದ್ದರೆ ಪ್ಲಗ್ಗಿಗೆ ಕಿಡಿ ಹೋಗುವುದಿಲ್ಲ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಎರಡು ದಿನ ಅಪ್ಪ ಕೀ ತಿರುಗಿಸಿ ಸೋತರು. ತುಂಬ ಕೆಲಸ ಇರುವ ಹಾಗಿದೆ, ಒಂದೊಂದೇ ಬಿಚ್ಚಿ ನೋಡೋಣ ಎಂದೆ.

ಸುಳ್ಳಿಗೆ ತಕ್ಕಂತೆ ಕೆಲಸವನ್ನೂ ಮಾಡಿದೆ. ತುಕ್ಕು ಹಿಡಿದ ನೆಲದ ತಗಡನ್ನು ಉಜ್ಜಿ ರೆಡ್ ಆಕ್ಸೈಡ್ ಬಳಿದೆ, ಬ್ರೇಕ್ ಶೂ ಬದಲಿಸಿದೆ, ಕಾರ್ಬ್ಯುರೇಟರ್ ತೊಳೆದೆ, ಬ್ಯಾಟರಿಯನ್ನು ವಾರವಾರ ಚಾರ್ಜ್ ಮಾಡಿದೆ. ಅಪ್ಪ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನಟ್ಟುಗಳನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. ಡಿಸ್ಟ್ರಿಬ್ಯೂಟರಿನ ಹತ್ತಿರ ಮಾತ್ರ ನಾನು ಸುಳಿಯಲಿಲ್ಲ, ಅವರೂ ಅದರ ಸುದ್ದಿ ಎತ್ತಲಿಲ್ಲ. ಅಷ್ಟು ವರ್ಷ ಕಾರು ನೋಡಿಕೊಂಡವರಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನೆಮ್ಮದಿಯೂ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು.

ನೋಂದಣಿ ನವೀಕರಣಕ್ಕೆ ಕಾರನ್ನು ಒಯ್ದು ತೋರಿಸಬೇಕಾದ ದಿನ ಬಂತು. ಅಪ್ಪ ವಾಕಿಂಗಿಗೆ ಹೋಗಿದ್ದಾಗ ಬ್ಯಾಗಿನಿಂದ ರೋಟರ್ ತೆಗೆದುಕೊಂಡು ಹೋಗಿ ಮುಚ್ಚಳ ಬಿಚ್ಚಿದೆ. ಒಳಗೆ ಆಗಲೇ ಹೊಸ ರೋಟರ್ ಕೂತಿತ್ತು.

ಗೇಟಿನ ಸದ್ದಾಯಿತು. ಅಪ್ಪ ಹತ್ತಿರ ಬಂದು ನನ್ನ ಕೈಯಲ್ಲಿದ್ದ ಹಳೆಯದನ್ನು ನೋಡಿದರು.

ನಾನು ಕಿತ್ತ ಹದಿನೈದು ದಿನಕ್ಕೇ ಅವರು ಆಟೋ ಹಿಡಿದು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ಹೊಸದನ್ನು ತಂದು, ಬೆರಳಲ್ಲೇ ತಡವಿ ಕೂರಿಸಿದ್ದರಂತೆ. ನಾನು ಆಫೀಸಿನಲ್ಲಿದ್ದೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತಂತೆ. ರಿವರ್ಸ್ ಹಾಕಿ ತಿರುಗಿ ನೋಡಿದರೆ, ಎಲ್ಲಿದೆಯೆಂದು ಗೊತ್ತಿದ್ದ ಗೇಟಿನ ಕಂಬವೇ ಕಾಣಿಸಲಿಲ್ಲವಂತೆ. ಆಫ್ ಮಾಡಿ ಇಳಿದುಬಿಟ್ಟರಂತೆ.

"ಮತ್ತೆ ಇಷ್ಟು ದಿನ ಯಾಕಪ್ಪ ಹೇಳ್ಲಿಲ್ಲ?"

"ಪಾರ್ಕಲ್ಲಿ ಕೇಳಿದೋರಿಗೆಲ್ಲ ಕಾರು ಕೆಟ್ಟಿದೆ ಅಂತಿದ್ದೆ. ಕಣ್ಣು ಹೋಯ್ತು ಅಂತ ಹೇಳೋದು ತಪ್ತಿತ್ತು."

ನನಗೆ ಅಳು ಬಂತು. ಬಾನೆಟ್ಟನ್ನು ಬೇಕಿದ್ದಕ್ಕಿಂತ ಜೋರಾಗಿ ಮುಚ್ಚಿ, ಡ್ರೈವರ್ ಸೀಟಿಗೆ ಹೋಗಿ ಕೂತೆ. ಅಪ್ಪ ಎಡಗಡೆಯ ಬಾಗಿಲು ತೆಗೆದು ಹತ್ತಿದರು.

ಗೇಟು ದಾಟುವಾಗ ಅಪ್ಪನ ಪಾರ್ಕಿನ ಗೆಳೆಯರಲ್ಲೊಬ್ಬರಾದ ಎದುರು ಮನೆಯ ಅಂಕಲ್ ಕೈ ಅಡ್ಡ ಹಿಡಿದು ನಿಲ್ಲಿಸಿ, ಅಂತೂ ಕಾರು ಸರಿಹೋಯಿತಾ ಎಂದು ಅಪ್ಪನನ್ನು ಕೇಳಿದರು. ಅಪ್ಪ ನನ್ನ ಕಡೆ ನೋಡಿದರು.

"ಇನ್ನೂ ಪೂರ್ತಿ ಆಗಿಲ್ಲ ಅಂಕಲ್, ಕ್ಲಚ್ ತುಂಬ ಗಟ್ಟಿ ಇದೆ," ಎಂದೆ. "ಅದು ಸರಿಹೋಗೋವರೆಗೂ ನಾನೇ ಓಡಿಸ್ಬೇಕು."