ಸೊನ್ನೆಗೆ ಎಳೆದ ಒಂದು ಗೆರೆ

ಕೆಂಪು ಬಟ್ಟೆಯ ರಟ್ಟು ಹಾಕಿದ, ಅಂಗೈ ಅಗಲದ ಉದ್ದನೆಯ ಪುಸ್ತಕವೊಂದು ಕಳೆದ ತಿಂಗಳು ನನ್ನ ಕೈಸೇರಿತು. ಅದನ್ನು ತೆರೆದ ಕೂಡಲೇ ಸೀಮೆಎಣ್ಣೆ ಮತ್ತು ಹೊಲಿಗೆ ಯಂತ್ರದ ಎಣ್ಣೆ ಬೆರೆತ ಸಣ್ಣ ವಾಸನೆಯೊಂದು ಮೂಗಿಗೆ ತಗುಲಿತು. ಇಷ್ಟು ವರ್ಷಗಳ ತರುವಾಯವೂ ಆ ವಾಸನೆ ಕಾಗದದಲ್ಲಿ ನಿಜವಾಗಿ ಉಳಿದಿತ್ತೋ, ಅಥವಾ ನನ್ನಲ್ಲೇ ಉಳಿದಿತ್ತೋ ಎಂಬುದನ್ನು ಖಚಿತವಾಗಿ ಹೇಳಲಾರೆ...

ಸದರಿ ಪುಸ್ತಕವನ್ನು ತಂದುಕೊಟ್ಟ ಹೆಣ್ಣುಮಗಳು ಬಾಗಿಲಲ್ಲೇ ನಿಂತು, "ನಮ್ಮ ಮುತ್ತಜ್ಜಾರ ಪೆಟ್ಟಿಗ್ಯಾಗೆ ಇತ್ರೀ. ಮನೆ ಕೆಡವೋವಾಗ ಸಿಕ್ತು. ಮ್ಯಾಲೆ ನಿಮ್ಮ ತಂದೇರ ಹೆಸರು ಐತೆ ನೋಡ್ರಿ, ಅದಕ್ಕೇ ಕೇಳ್ಕಂತ ಬಂದೆ" ಎಂದಳು. ಒಳಗೆ ಕರೆದರೆ, "ಬ್ಯಾಡ್ರಿ ಅಜ್ಜಿ, ಬಸ್ ತಪ್ಪುತ್ತೆ" ಎಂದು ಹೊರಟೇಬಿಟ್ಟಳು. ಅವಳ ಮುತ್ತಜ್ಜನಿಗೆ ನಾನು ಏನು ಮಾಡಿದೆನೆಂಬುದು ಅವಳಿಗೆ ತಿಳಿದಿರಲಿಲ್ಲ. ಅದನ್ನು ತಿಳಿಸುವ ಸಲುವಾಗಿಯೇ ಈ ಬರಹ. ಇದುವರೆಗೆ ಮನೆಯವರ ಪರವಾಗಿ ಕಚೇರಿಗಳಿಗೆ ಅರ್ಜಿಗಳನ್ನು ಬರೆದುಕೊಟ್ಟಿದ್ದೇನೆಯೇ ಹೊರತು ಬೇರೇನನ್ನೂ ಬರೆದವಳಲ್ಲ. ಲೋಪದೋಷಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ವಿನಂತಿ.

ಅವಳ ಮುತ್ತಜ್ಜನನ್ನು ನಾವೆಲ್ಲರೂ ಗಡಿಯಾರದ ಸಾಹೇಬರು ಎಂದು ಕರೆಯುತ್ತಿದ್ದೆವು. ಅವರಿಗೆ ಅಂಗಡಿ ಇರಲಿಲ್ಲ. ದೊಡ್ಡ ಗೋಡೆ ಗಡಿಯಾರಗಳಿದ್ದ ಮನೆಗಳಿಗೆ ವಾರಕ್ಕೊಮ್ಮೆ ಹೋಗಿ, ಕೀಲಿ ಕೊಟ್ಟು, ವೇಳೆ ಸರಿಪಡಿಸಿ ಬರುವುದು ಅವರ ಕೆಲಸವಾಗಿತ್ತು. ಸೋಮವಾರ ದಾವಣಗೆರೆಯ ಮಂಡಿಪೇಟೆ, ಮಂಗಳವಾರ ಹರಿಹರ. ಮಂಡಿಪೇಟೆಯಲ್ಲಿದ್ದ ನಮ್ಮ ಮನೆಗೆ ಅವರು ನಾನು ಹುಟ್ಟುವುದಕ್ಕಿಂತ ಮೊದಲಿನಿಂದಲೂ ಬರುತ್ತಿದ್ದರು. ಅವರು ಹೊಸ್ತಿಲು ದಾಟಿದೊಡನೆ ನನ್ನ ತಂಗಿ, "ಅವ್ವಾ, ಸೋಮವಾರ ಬಂತು, ಚಾ ಇಡು" ಎಂದು ಕೂಗುತ್ತಿದ್ದಳು. "ಚಾ ತಡ ಆದ್ರೆ ಬುಕ್ಕಿನಾಗೆ ಬರ್ಕಂತೀನಿ ನೋಡು, ಈ ಮನೆ ಒಲೆ ಐದು ನಿಮಿಷ ಹಿಂದೆ ಅಂತ" ಎಂದು ಅವರು ನಗುತ್ತಿದ್ದರು.

ಅವರು ಸ್ಟೂಲಿನ ಮೇಲೆ ನಿಂತು ಕೆಲಸ ಮಾಡುವಾಗ ಕೆಳಗೆ ಲೋಲಕವನ್ನು ಹಿಡಿದುಕೊಂಡು ನಿಲ್ಲುವುದು ನನ್ನ ಪಾಲಿನ ಕೆಲಸವಾಗಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕುಳಿತ ನಂತರವೂ ಅದನ್ನು ನಾನು ಬಿಟ್ಟುಕೊಟ್ಟಿರಲಿಲ್ಲ. ಗಡಿಯಾರದ ಬಗ್ಗೆ ನನಗೆ ತಿಳಿದಿರುವುದೆಲ್ಲವೂ ಆ ಸ್ಟೂಲಿನ ಬುಡದಲ್ಲಿ ತಿಳಿದದ್ದು. ಲೋಲಕ ಉದ್ದವಾದರೆ ನಿಧಾನವಾಗಿ ತೂಗುತ್ತದೆ, ಗಿಡ್ಡವಾದರೆ ಬೇಗ ತೂಗುತ್ತದೆ. ಬೇಸಿಗೆಯ ಕಾವಿಗೆ ಅದರ ಕಡ್ಡಿ ಕೂದಲೆಳೆಯಷ್ಟು ಹಿಗ್ಗಿ ಗಡಿಯಾರ ಹಿಂದೆ ಬೀಳುತ್ತದೆ. ಚಳಿಗೆ ಕುಗ್ಗಿ ಮುಂದೆ ಓಡುತ್ತದೆ. ಗುಂಡಿನ ಕೆಳಗಿನ ತಿರುಪನ್ನು ಒಂದಿಷ್ಟು ತಿರುಗಿಸಿ ಅದನ್ನು ಸರಿದೂಗಿಸಬೇಕು.

"ಚಳಿಗೆ ಎಷ್ಟು ಓಡುತ್ತೈತ್ರಿ ಸಾಹೇಬ್ರೇ?" ಎಂದು ಒಮ್ಮೆ ಕೇಳಿದ್ದೆ.

"ಎಂಥಾ ಚಳಿ ಬಿದ್ರೂ ವಾರಕ್ಕೆ ಒಂದು ನಿಮಿಷ, ಬೇಟಿ. ಅದಕ್ಕಿಂತ ಹೆಚ್ಚು ಓಡ್ತು ಅಂದ್ರೆ ತಪ್ಪು ಚಳೀದಲ್ಲ, ಮನುಷಾಂದು" ಎಂದಿದ್ದರು. ಈ ಮಾತನ್ನು ಓದುಗರು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು.

ಸರಿಯಾದ ವೇಳೆ ಅವರಿಗೆ ದೊರೆಯುತ್ತಿದ್ದುದು ರೈಲು ನಿಲ್ದಾಣದಲ್ಲಿ. ದಿನವೂ ಸಾಯಂಕಾಲ ನಾಲ್ಕು ಗಂಟೆಗೆ ತಂತಿಯ ಮೂಲಕ ನಿಲ್ದಾಣಗಳಿಗೆಲ್ಲ ವೇಳೆಯ ಸಂಕೇತ ಬರುತ್ತಿತ್ತಂತೆ. ಭಾನುವಾರ ಅವರು ಅಲ್ಲಿ ಹೋಗಿ ನಿಂತು, ತಮ್ಮ ಜೇಬುಗಡಿಯಾರವನ್ನು ಅದಕ್ಕೆ ಹೊಂದಿಸಿ, ಆ ವೇಳೆಯನ್ನು ಎದೆಯ ಜೇಬಿನಲ್ಲಿ ಹೊತ್ತು ಮನೆಮನೆಗೆ ತರುತ್ತಿದ್ದರು. ಆ ಜೇಬುಗಡಿಯಾರವೂ ದಿನಕ್ಕೆ ಮೂರು ಸೆಕೆಂಡು ಮುಂದೆ ಹೋಗುತ್ತಿತ್ತು. ಅದನ್ನು ಅವರು ಬಚ್ಚಿಡುತ್ತಿರಲಿಲ್ಲ. "ತಪ್ಪೇ ಇಲ್ಲದ ಗಡಿಯಾರ ಅಲ್ಲಾಹು ಯಾರಿಗೂ ಕೊಟ್ಟಿಲ್ಲ. ಎಷ್ಟು ತಪ್ಪು ಅಂತ ಗೊತ್ತಿದ್ರೆ ಸಾಕು, ಅದೇ ಸಾಚಾ ಗಡಿಯಾರ" ಎನ್ನುತ್ತಿದ್ದರು.

ಈ ಕಾರಣದಿಂದಲೇ ಅವರು ಮನೆಗೊಂದರಂತೆ ಕೆಂಪು ಪುಸ್ತಕವನ್ನು ಇಟ್ಟಿದ್ದರು. ಪ್ರತಿ ಸಾಲಿನಲ್ಲಿ ತಾರೀಖು, ಅದರ ಪಕ್ಕದಲ್ಲಿ ‘ಮುಂದು’, ‘ಹಿಂದು’ ಎಂಬ ಎರಡು ಖಾನೆಗಳು. ಮುಳ್ಳನ್ನು ಮುಟ್ಟುವುದಕ್ಕೆ ಮೊದಲು ಗಡಿಯಾರ ಎಷ್ಟು ನಿಮಿಷ ತಪ್ಪಿತ್ತೆಂಬುದನ್ನು ಸೀಸದ ಕಡ್ಡಿಯಲ್ಲಿ ನಮೂದಿಸುತ್ತಿದ್ದರು. ವ್ಯತ್ಯಾಸವಿಲ್ಲದಿದ್ದರೆ ‘ಮುಂದು’ ಎಂಬ ಖಾನೆಯಲ್ಲಿ ಒಂದು ಸೊನ್ನೆ. ಇಂಗ್ಲಿಷ್ ಅಂಕಿಯಲ್ಲೇ ಬರೆಯುತ್ತಿದ್ದರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ನಾನು ಹುಟ್ಟಿದ್ದು ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ. ಒಳಮನೆಯಿಂದ ಕೂಸಿನ ಅಳು ಕೇಳಿದೊಡನೆ ನನ್ನ ತಂದೆ ಪಡಸಾಲೆಯ ಗಡಿಯಾರವನ್ನು ನೋಡಿ, ಹತ್ತು ಗಂಟೆ ಇಪ್ಪತ್ತನಾಲ್ಕು ನಿಮಿಷ ಎಂದು ಪಂಚಾಂಗದ ಅಂಚಿನಲ್ಲಿ ಬರೆದರು. ಅದೇ ಪಂಚಾಂಗದ ಪ್ರಕಾರ ಪುಷ್ಯಾ ನಕ್ಷತ್ರ ಹತ್ತು ಇಪ್ಪತ್ತಕ್ಕೆ ಮುಗಿದಿತ್ತು. ಹೀಗಾಗಿ ನಾಲ್ಕು ನಿಮಿಷದ ಅಂತರದಲ್ಲಿ ನಾನು ಆಶ್ಲೇಷಾ ನಕ್ಷತ್ರದವಳಾದೆ. ಆಶ್ಲೇಷಾ ನಕ್ಷತ್ರದ ಸೊಸೆ ಬಂದರೆ ಅತ್ತೆಯ ಜೀವಕ್ಕೆ ಕೇಡು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿತ್ತು. ಎರಡು ಸಂಬಂಧಗಳು ಜಾತಕ ಬಿಚ್ಚಿದ ದಿನವೇ ಮುರಿದುಬಿದ್ದವು. ಎರಡನೆಯವರು ನಾವು ಕೊಟ್ಟ ಅವಲಕ್ಕಿಯನ್ನೂ ಮುಟ್ಟದೆ ಎದ್ದುಹೋದರು. ನನ್ನ ಹಿಂದೆ ತಂಗಿ ಬೆಳೆದು ನಿಂತಿದ್ದಳು.

ಮೂರನೆಯ ಸಂಬಂಧ ಹರಿಹರದಿಂದ ಬಂತು. ಹುಡುಗನ ತಂದೆ ಶಾಲೆಯ ಮೇಷ್ಟ್ರು. ಹುಡುಗ ನನ್ನನ್ನು ಒಪ್ಪಿದ್ದರು. ನಾನೂ... ಒಪ್ಪಿದ್ದೆ. ನಕ್ಷತ್ರದ ಹೆಸರು ಕೇಳಿ ಹುಡುಗನ ತಾಯಿ ಹೆದರಿದಾಗ ಮೇಷ್ಟ್ರಿಗೆ ಒಂದು ಯೋಚನೆ ಹೊಳೆಯಿತು. ಅವರ ಮನೆಯ ಗಡಿಯಾರವನ್ನು ನೋಡುತ್ತಿದ್ದವರೂ ಇದೇ ಸಾಹೇಬರು. "ನಾಲ್ಕು ನಿಮಿಷದ ಮಾತು. ಅವತ್ತು ಆ ಗಡಿಯಾರ ಸರಿ ಇತ್ತೋ, ಮುಂದೆ ಓಡಿತ್ತೋ ಯಾರು ಬಲ್ಲರು? ಸಾಹೇಬರು ಮಾರನೇ ದಿನ ಸೋಮವಾರ ಬಂದಿರ್ತಾರೆ. ಅವರ ಬುಕ್ಕಿನಾಗೆ ಏನೈತೋ ಅದೇ ಅಖೈರು" ಎಂದರು. ಅವರ ಹೆಂಡತಿಯೂ ಅದಕ್ಕೆ ಸಮ್ಮತಿಸಿದರು. ಸಾಹೇಬರ ಬುಕ್ಕು ಸುಳ್ಳು ಹೇಳುವುದಿಲ್ಲವೆಂದು ಎರಡೂ ಊರುಗಳಲ್ಲಿ ಎಲ್ಲರಿಗೂ ಗೊತ್ತಿತ್ತು.

ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಮೇಷ್ಟ್ರು ಬರುವುದೆಂದು ನಿಗದಿಯಾಯಿತು, ಬುಕ್ಕಿನ ವಿಷಯವನ್ನು ಸಾಹೇಬರಿಗೂ ಹೇಳಿ ಕಳಿಸಿದರು. ಸಾಹೇಬರು ಹತ್ತಕ್ಕೇ ಬಂದರು. ಅಂದು ಅವರು ಚಹಾದ ಮಾತೆತ್ತಲಿಲ್ಲ. ತಂದೆ ಮೇಷ್ಟ್ರನ್ನು ಕರೆತರಲು ನಿಲ್ದಾಣಕ್ಕೆ ಹೋಗಿದ್ದರು, ತಾಯಿ ಒಳಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು. ಪಡಸಾಲೆಯಲ್ಲಿ ನಾವಿಬ್ಬರೇ. ಅವರು ಪುಸ್ತಕದ ಹಳೆಯ ಪುಟವೊಂದನ್ನು ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು.

ಸೊನ್ನೆ.

"ರಾತ್ರೀನೇ ನೋಡಿದೆ ಬೇಟಿ. ಮೇಲಿನ ಸಾಲು, ಕೆಳಗಿನ ಸಾಲು ಎಲ್ಲಾ ನೋಡಿದೆ. ಸರಿಯಾಗೇ ನಡೀತಿತ್ತು ಹಾಳಾದ್ದು."

ನಾನು ಲೋಲಕವನ್ನು ಹಿಡಿದುಕೊಂಡೇ ಇದ್ದೆ. ಆ ನಂತರ ನಾನು ಆಡಿದ ಮಾತಿಗೆ ಅನ್ಯರಾರೂ ಹೊಣೆಯಲ್ಲ, ನಾನೇ ಹೊಣೆ ಎಂದು ಈ ಮೂಲಕ ದೃಢೀಕರಿಸುತ್ತೇನೆ. "ಸೊನ್ನೆ ತಲೀಗೆ ಒಂದು ಗೆರೆ ಎಳದ್ರೆ ಆರು ಆಗುತ್ತಲ್ರೀ ಸಾಹೇಬ್ರೇ" ಎಂದೆ.

ಅವರು ತಲೆಯೆತ್ತಿ ನೋಡಿದರು. ಕೋಪವಿರಲಿಲ್ಲ. "ಏನಂದಿ ಬೇಟಿ?"

"ಒಂದು ಗೆರೆ. ನಿಮಗೇನೂ ಆಗಲ್ಲ. ನನಗೆ ಒಂದು ಮನೆ ಆಗುತ್ತೆ."

"ಮೂವತ್ತು ವರ್ಷದ ಬುಕ್ಕು ಇದು."

"ನನ್ನನ್ನ ಬೇಟಿ ಅಂತೀರಿ, ಮಗಳು ಅನ್ನೋದು ಬರೇ ಬಾಯಿಮಾತಿಗೇನ್ರಿ?" ಎಂದುಬಿಟ್ಟೆ. ಎಂಥ ಮಾತು ಅದು...

ಅವರು ಪುಸ್ತಕವನ್ನು ಬೆಳಕಿನತ್ತ ತಿರುಗಿಸಿ ಆ ಸಾಲನ್ನು ಮತ್ತೊಮ್ಮೆ ನೋಡಿದರು. ನಾನು ಲೋಲಕವನ್ನು ಹಿಡಿದಿದ್ದುದರಿಂದ ಗಡಿಯಾರದ ಸದ್ದು ಇರಲಿಲ್ಲ. ಆಮೇಲೆ ಕಿವಿಯ ಸಂದಿಯಿಂದ ಸೀಸದ ಕಡ್ಡಿಯನ್ನು ತೆಗೆದು, ಆ ಸೊನ್ನೆಯ ತಲೆಗೆ ಒಂದು ಸಣ್ಣ ಗೆರೆ ಎಳೆದರು. ಹೊಸ ಗೆರೆ ಹೊಳೆಯದಿರಲೆಂದು ಎಣ್ಣೆಯ ಬೆರಳಿನಿಂದ ಅದನ್ನು ಒಮ್ಮೆ ಸವರಿದರು. "ಬಿಡು ಬೇಟಿ, ಲೋಲಕ ಬಿಡು. ನಡೀಲಿ ಅದು" ಎಂದರು.

ಮೇಷ್ಟ್ರು ಬಂದರು, ಕನ್ನಡಕ ಏರಿಸಿ ಪುಟವನ್ನು ನೋಡಿದರು. "ಆರು ನಿಮಿಷ ಮುಂದೆ! ಹಂಗಾದ್ರೆ ಹುಡುಗಿ ಹುಟ್ಟಿದ್ದು ಹತ್ತೂ ಹದಿನೆಂಟಕ್ಕೆ. ಪುಷ್ಯಾ! ಆದ್ರೆ ಸಾಹೇಬ್ರೇ, ಒಂದೇ ವಾರದಾಗೆ ಆರು ನಿಮಿಷ ಹೆಂಗೆ ಓಡ್ತು?"

ಸಾಹೇಬರು ನನ್ನತ್ತ ನೋಡಲಿಲ್ಲ. "ಆ ವರ್ಷ ಚಳಿ ಭಾಳ ಇತ್ರೀ ಮೇಷ್ಟ್ರೇ" ಎಂದರು.

"ನೀವು ಅಂದ ಮ್ಯಾಲೆ ಮುಗೀತು ಬಿಡ್ರಿ" ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು. ತಾಯಿ ಉಪ್ಪಿಟ್ಟಿನ ತಟ್ಟೆಗಳನ್ನು ತಂದರು. ಸಾಹೇಬರು ಹೊಟ್ಟೆ ಸರಿಯಿಲ್ಲವೆಂದು ಹೇಳಿ ಎದ್ದುಹೋದರು.

ನನ್ನ ಮದುವೆ ಆಯಿತು. ಸಾಹೇಬರು ಬರಲಿಲ್ಲ. ಮುಂದಿನ ಸೋಮವಾರಗಳಲ್ಲಿಯೂ ಬರಲಿಲ್ಲವೆಂದು ತಂಗಿ ಕಾಗದ ಬರೆದಳು. ಹರಿಹರದ ಮನೆಗೂ ಅವರ ಮಂಗಳವಾರಗಳು ನಿಂತುಹೋದವು. "ಯಾಕ ಸಾಹೇಬ್ರು ಕಾಣವಲ್ಲರು? ಮೈಗೆ ಆರಾಮಿಲ್ಲೇನೋ ಪಾಪ" ಎಂದು ನನ್ನ ಅತ್ತೆ ಗಡಿಯಾರವನ್ನು ನೋಡಿದಾಗಲೆಲ್ಲ ಹೇಳುತ್ತಿದ್ದರು. ಅದು ದಿನೇ ದಿನೇ ಹಿಂದೆ ಬೀಳುತ್ತಿತ್ತು. ನಾನು ಒಲೆಯ ಕಡೆಗೆ ತಿರುಗುತ್ತಿದ್ದೆ.

ಮದುವೆಯಾದ ಎರಡನೆಯ ವರ್ಷ, ಕೂಸನ್ನು ಎತ್ತಿಕೊಂಡು ತವರಿಗೆ ಬಂದಾಗ ಸಾಹೇಬರನ್ನು ಕಂಡೆ. ನಮ್ಮ ಸೋದರತ್ತೆಯೊಂದಿಗೆ ಜಟಕಾದಲ್ಲಿ ನಿಟ್ಟುವಳ್ಳಿಯ ಅವರ ಮನೆಗೆ ಹೋಗುತ್ತಿದ್ದೆ. ದಾರಿಬದಿಯ ಮರದ ಕೆಳಗೆ ಸಾಹೇಬರು ಸೈಕಲ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಏಳುವ ಜಾಗವನ್ನು ಹುಡುಕುತ್ತಿದ್ದರು. ಕೂದಲೆಳೆಯ ಅಂತರವನ್ನು ಅಳೆಯುತ್ತಿದ್ದ ಕೈಗಳು ಅವು. ಜಟಕಾ ನಿಲ್ಲಿಸಿದೆ. ಅವರು ಎದ್ದುಬಂದು ಕೂಸನ್ನು ನೋಡಿ ನಕ್ಕರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ನಿಮ್ಮ ಅತ್ತೆಮ್ಮ ಆರಾಮ ಅದಾರಾ ಬೇಟಿ?"

"ಗಟ್ಟಿಮುಟ್ಟಾಗಿ ಅದಾರ್ರೀ" ಎಂದೆ.

"ನಕ್ಷತ್ರ ಗಿಕ್ಷತ್ರ ನಾನು ನಂಬಲ್ಲ. ಆದ್ರೂ ಆ ಹೆಣ್ಣುಮಗಳು ನನ್ನ ಬುಕ್ಕು ನಂಬಿ ಹ್ಞೂಂ ಅಂದ್ಲು ನೋಡು..." ಎಂದು ಅಲ್ಲಿಗೇ ನಿಲ್ಲಿಸಿದರು.

"ಗಡಿಯಾರ ನೋಡೋಕೆ ಯಾಕ ಬರಲ್ರೀ ಸಾಹೇಬ್ರೇ?"

"ಬುಕ್ಕಿಲ್ದೆ ಹೆಂಗೆ ನೋಡ್ಲಿ ಬೇಟಿ? ಒಂದು ಸಾಲು ಸುಳ್ಳು ಅಂತ ಗೊತ್ತಾದ ಮ್ಯಾಲೆ ಉಳಿದ ಸಾಲು ನೋಡಿದ್ರೂ ಅನುಮಾನ ಬರುತ್ತೆ. ಟ್ಯೂಬು ವಾಸಿ. ಗಾಳಿ ಹೋದ್ರೆ ಹೋಯ್ತು, ನಿಂತ್ರೆ ನಿಂತಿತು."

ಪಕ್ಕದಲ್ಲಿ ಸೋದರತ್ತೆ ಕಿವಿಗೊಟ್ಟು ಕುಳಿತಿದ್ದರು. ನನ್ನ ತಪ್ಪನ್ನು ಒಪ್ಪಿಕೊಂಡು ಒಂದು ಮಾತು ಹೇಳಬೇಕಾಗಿತ್ತು. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಜಟಕಾ ಮುಂದೆ ಹೋಯಿತು.

ಆನಂತರ ನನ್ನ ತಂದೆ ಎಲ್ಲಿ ಸಿಕ್ಕಿದರೂ ಸಾಹೇಬರು ಅದೊಂದನ್ನೇ ಕೇಳುತ್ತಿದ್ದರಂತೆ, ಹರಿಹರದ ಅತ್ತೆಮ್ಮ ಆರಾಮವೇ ಎಂದು. "ನಿನ್ನ ಅತ್ತೆ ಮ್ಯಾಲೆ ಅವರಿಗೆ ಅದೆಂಥಾ ಅಂತಃಕರಣವೋ" ಎಂದು ತಂದೆ ಆಶ್ಚರ್ಯಪಡುತ್ತಿದ್ದರು. ಕೆಲವು ವರ್ಷಗಳಲ್ಲಿ ಸಾಹೇಬರು ತೀರಿಕೊಂಡರು. ಸುದ್ದಿ ನನಗೆ ತಲುಪುವಷ್ಟರಲ್ಲಿ ನಲವತ್ತನೆಯ ದಿನದ ಪ್ರಾರ್ಥನೆಯೂ ಮುಗಿದಿತ್ತು. ನನ್ನ ಅತ್ತೆ ಅವರಿಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿ, ಮರಿಮಕ್ಕಳನ್ನು ಕಂಡು, ನನ್ನ ಕೈಯಿಂದ ಗಂಜಿ ಕುಡಿದು ಕಣ್ಣು ಮುಚ್ಚಿದರು. ಅದನ್ನು ತಿಳಿಯಬೇಕಾಗಿದ್ದ ಒಬ್ಬರು ತಿಳಿಯದೆ ಹೋದರು.

ನನ್ನ ಮೊಮ್ಮಗಳು ದಾವಣಗೆರೆಯಲ್ಲಿ ಓದುತ್ತಿದ್ದಾಳೆ. ಮೊನ್ನೆ ಮನೆಗೆ ಬಂದವಳು ತನ್ನ ಮೊಬೈಲನ್ನು ತೋರಿಸಿ, "ಇದು ಟೈಮ್ ತಪ್ಪಲ್ಲ ಅಜ್ಜಿ" ಎಂದಳು. ಹೇಗೆಂದು ಕೇಳಿದೆ. ಆಕಾಶದ ಉಪಗ್ರಹಗಳಲ್ಲಿ ಪರಮಾಣುವಿನ ಮಿಡಿತವನ್ನು ಎಣಿಸುವ ಗಡಿಯಾರಗಳಿವೆಯೆಂದೂ, ಅವೂ ಇಷ್ಟಿಷ್ಟು ಹಿಂದೆ ಮುಂದೆ ಆಗುತ್ತವೆಯೆಂದೂ, ಭೂಮಿಯ ಮೇಲಿರುವವರು ಆ ವ್ಯತ್ಯಾಸವನ್ನು ಅಳೆದು ಬರೆದುಕೊಂಡು ಮತ್ತೆ ಮೇಲಕ್ಕೆ ತಿಳಿಸುತ್ತಿರುತ್ತಾರೆಂದೂ ಹೇಳಿದಳು. ಹಾಗಾದರೆ ಅಲ್ಲಿಯೂ ಒಂದು ಬುಕ್ಕು ಇದೆ ಎಂದುಕೊಂಡೆ. ಅಲ್ಲಿಯೂ ಯಾರೋ ಸಾಹೇಬರು ಇದ್ದಾರೆ...

ಅವಳು ಹೋದ ಮೇಲೆ ಕೆಂಪು ಪುಸ್ತಕವನ್ನು ಕೊನೆಯವರೆಗೂ ತಿರುವಿದೆ. ನಾನು ಹುಟ್ಟಿದ ವಾರದ ಸಾಲಿನಲ್ಲಿ ಆ ಆರು ಹಾಗೆಯೇ ಇದೆ, ಎಣ್ಣೆಯ ಮಬ್ಬು ಕಲೆಯೊಂದಿಗೆ. ಅಲ್ಲಿಂದ ಮುಂದೆ ಇಪ್ಪತ್ತು ವರ್ಷಗಳ ಸೋಮವಾರಗಳು ಒಂದೂ ತಪ್ಪದೆ ಇವೆ. ಮೇಷ್ಟ್ರು ಬಂದಿದ್ದ ಸೋಮವಾರದ ತಾರೀಖನ್ನೂ ಬರೆದಿದ್ದಾರೆ. ಅದರ ಮುಂದಿನ ಎರಡೂ ಖಾನೆಗಳು ಖಾಲಿ. ಉಳಿದ ಪುಟಗಳೂ ಖಾಲಿ.

ಈಗ ನನ್ನ ಅತ್ತೆ ಇಲ್ಲ, ಮಾವ ಇಲ್ಲ, ಪತಿಯೂ ಇಲ್ಲ. ನಿಜ ತಿಳಿದು ನೊಂದುಕೊಳ್ಳುವವರು ಯಾರೂ ಉಳಿದಿಲ್ಲ. ಸೀಸದ ಕಡ್ಡಿ ತೆಗೆದುಕೊಂಡು, ಆ ಆರರ ಮೇಲೆ ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸೊನ್ನೆ ಬರೆದೆ. ಅಂಚಿನಲ್ಲಿ ಹೀಗೆ ನಮೂದಿಸಿದೆ: "ಗಡಿಯಾರ ಸರಿಯಾಗಿತ್ತು. ತಪ್ಪು ನನ್ನದು. ಅತ್ತೆಯವರು ತುಂಬು ಆಯುಷ್ಯ ಬಾಳಿದರು." ಕೆಳಗೆ ಸಹಿ ಹಾಕಿ, ತಾರೀಖನ್ನೂ ಬರೆದೆ.

ಆಮೇಲೆ, ಅದನ್ನು ಓದಬೇಕಾಗಿದ್ದ ಸಾಹೇಬರೇ ಇಲ್ಲದಿರುವಾಗ ಯಾರಿಗೆ ತೋರಿಸಬೇಕೆಂದು ತಿಳಿಯದೆ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.