ವಾಪಿಟಿಯ ಒಂಬತ್ತು ಸಿಲಿಂಡರು

ಮುದ್ದೇಬಿಹಾಳದ ತಹಸೀಲ್ದಾರ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಗೆ ಸುಭಾಸ ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು. ಸೇರಿದ ದಿನ ಮಾಲಕ ಹಾಜಿಮಲಂಗನಿಗೆ, "ಆರು ತಿಂಗಳಷ್ಟ ರೀ ಚಾಚಾ, ಸರ್ಕಾರಿ ನೌಕರಿ ಬಂತಂದ್ರ ಬಿಡ್ತೇನಿ" ಎಂದು ಠೀವಿಯಿಂದ ಷರತ್ತು ಹಾಕಿದ್ದ. ಚಾಚಾ ಆ ಷರತ್ತನ್ನು ಮರೆಯಲಿಲ್ಲ. ಪಗಾರ ಏರಿಸುವ ಮಾತು ಬಂದಾಗೆಲ್ಲ, "ನೀ ಹೆಂಗೂ ಹೋಗಾವ ಅದಿಯಲ್ಲೋ" ಎನ್ನುತ್ತಿದ್ದ.

ನೌಕರಿ ಬರಲಿಲ್ಲವೆಂದು ಸರ್ಕಾರವನ್ನು ಬೈಯುವ ಭಾಗ್ಯವೂ ಸುಭಾಸನಿಗಿರಲಿಲ್ಲ. ಪರೀಕ್ಷೆಯಲ್ಲಿ ಉತ್ತರಕ್ಕೆಂದು ಸಣ್ಣ ದುಂಡುಗಳನ್ನು ಪೆನ್ನಿನಿಂದ ತುಂಬಬೇಕಲ್ಲ, ಅವನ್ನು ಅವನು ಗೆರೆ ದಾಟದಂತೆ, ಎಲ್ಲೂ ಬಿಳಿ ಉಳಿಯದಂತೆ ತುಂಬುತ್ತಿದ್ದ. ನೂರರಲ್ಲಿ ಅರವತ್ತೆರಡನೆಯದಕ್ಕೆ ಬರುವಾಗ ಗಂಟೆ ಹೊಡೆಯುತ್ತಿತ್ತು. ಅರವತ್ತೆರಡೂ ನೋಡುವಂತಿದ್ದವು. ಒಮ್ಮೆ ಮೇಲ್ವಿಚಾರಣೆಗೆ ಬಂದ ಶಿಕ್ಷಕಿಯೊಬ್ಬರು ಪಕ್ಕದಲ್ಲಿ ನಿಂತು, "ಕೈ ಭಾಳ ಛಲೋ ಐತಿ ನಿಂದು" ಎಂದಿದ್ದರು. ಮೂರು ಪರೀಕ್ಷೆಗಳಲ್ಲಿ ತನಗೆ ಸಿಕ್ಕ ಅಂಕ ಅದೊಂದೇ ಎಂದು ಸುಭಾಸ ಈಗಲೂ ಹೇಳಿಕೊಂಡು ನಗುತ್ತಾನೆ. ನಗು ಬೇರೆಯವರಿಗೆ ಬರುವ ಮೊದಲೇ ತಾನು ನಕ್ಕುಬಿಡುವುದು ಅವನ ರೂಢಿ.

ಅಂಗಡಿಯಲ್ಲಿ ಕರೆಂಟು ಹೋದರೆ ಹೊಲದ ಉತಾರ ತೆಗೆಸಲು ನಿಂತವರು ಶಾಪ ಹಾಕುತ್ತಿದ್ದರು. ಸುಭಾಸನೊಬ್ಬನಿಗೆ ಮಾತ್ರ ಜೀವ ಹಗುರಾಗುತ್ತಿತ್ತು. ಮೇಜಿನ ಕೆಳಗಿನ ರಟ್ಟಿನ ಡಬ್ಬಿಯಿಂದ ಕತ್ತರಿ, ಫೆವಿಕಾಲ್, ಸೂಜಿ ಹೊರಗೆ ಬರುತ್ತಿದ್ದವು. ಜೊತೆಗೆ ಒಂದು ವಿಮಾನ. ವಾಪಿಟಿ ಎಂದು ಅದರ ಹೆಸರು. ತೊಂಬತ್ತು ವರ್ಷದ ಹಿಂದಿನ ಯುದ್ಧವಿಮಾನ, ಒಂದರ ಮೇಲೊಂದು ಎರಡು ರೆಕ್ಕೆ, ಮೇಲೆ ಚಾವಣಿಯಿಲ್ಲದೆ ಗಾಳಿಗೆ ಕೂತ ಇಬ್ಬರು ಸಿಪಾಯಿಗಳು. ಅದರ ನಕ್ಷೆ ಅಂತರ್ಜಾಲದಲ್ಲಿ ಪುಕ್ಕಟೆ ಸಿಕ್ಕಿತ್ತು. ಲಗ್ನಪತ್ರಿಕೆ ಅಚ್ಚು ಹಾಕಿ ಉಳಿದ ದಪ್ಪ ಕಾಗದದ ಮೇಲೆ ಅದನ್ನು ಛಾಪಿಸಿ, ಕತ್ತರಿಸಿ, ಅಂಟಿಸಿದರೆ ವಿಮಾನ ತಯಾರು. ಎರಡು ದಿನದ ಕೆಲಸ ಎಂದು ನಕ್ಷೆಯ ಮೇಲೆ ಬರೆದಿತ್ತು.

ಸುಭಾಸನಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ನಕ್ಷೆಯಲ್ಲಿ ಇಂಜಿನ್ ಅಂದರೆ ಮೂತಿಯ ಮೇಲೆ ಬರೆದ ಒಂದು ಚಪ್ಪಟೆ ಚಿತ್ರ, ಅಷ್ಟೇ. ಅದನ್ನು ನೋಡಿದರೆ ಅವನಿಗೆ ಹಲ್ಲಿನಲ್ಲಿ ಕಡ್ಡಿ ಸಿಕ್ಕಿಕೊಂಡಂತಾಗುತ್ತಿತ್ತು. ಒಂಬತ್ತು ಸಿಲಿಂಡರುಗಳನ್ನು ಒಂದೊಂದಾಗಿ ಕಾಗದದ ಸುರುಳಿಯಿಂದ ಮಾಡಿದ. ಸಿಲಿಂಡರಿನ ಮೈಮೇಲಿನ ಗೆರೆಗಳಿಗೆ ಅವ್ವ ಮರೆವ್ವ ಕೌದಿ ಹೊಲಿಯುವ ದಾರವನ್ನು ಸೀಳಿ, ಒಂದೆಳೆಯನ್ನು ಮೂವತ್ತು ಸುತ್ತು ಸುತ್ತಿದ. ರೆಕ್ಕೆಗಳ ನಡುವಿನ ತಂತಿಗಳಿಗೂ ಅದೇ ದಾರ, ಮೇಣ ತಿಕ್ಕಿ. ಹಿಂದೆ ಕೂತ ಸಿಪಾಯಿಯ ಕನ್ನಡಕಕ್ಕೆ ಗುಳಿಗೆಯ ಪ್ಯಾಕೆಟ್ಟಿನ ಪಾರದರ್ಶಕ ಚೂರು.

ಒಂದು ದಿನ ಮರೆವ್ವ ಕಸ ಹೊಡೆಯುತ್ತ, ಅವನು ರವಿವಾರಕ್ಕೆಂದು ಮನೆಗೆ ತಂದಿಟ್ಟಿದ್ದ ಡಬ್ಬಿಯನ್ನು ಕಾಲಿನಿಂದ ಸರಿಸಿದಾಗ ಸುಭಾಸ ಹೌಹಾರಿದ. "ಯವ್ವಾ, ಆಟಿಗಿ ಸಾಮಾನ ಅಲ್ಲದು! ಯುದ್ಧದ್ದು!"

"ಯುದ್ಧದ್ದಾದ್ರ ದೇವರ ಜಗಲಿ ಮ್ಯಾಲ ಇಡೋ ನನ್ನಪ್ಪ, ಕಾಲಾಗ ಯಾಕ ಒಗದಿ?" ಎಂದು ಅವಳು ಎತ್ತಿಟ್ಟಳು.

ಇಂಜಿನ್ ಮುಗಿದ ದಿನ ಸುಭಾಸ ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿಕೊಂಡ. ಆ ಫೋಟೋ ಯಾರಿಂದ ಯಾರಿಗೋ ದಾಟಿ ವಿಜಯಪುರದ ಚೇತನಕುಮಾರನೆಂಬವನಿಗೆ ಮುಟ್ಟಿತು. ಕಟ್ಟುವ ಮೊದಲೇ ಅಪಾರ್ಟ್‌ಮೆಂಟು, ಬಡಾವಣೆಗಳ ಸಣ್ಣ ಮಾದರಿ ಮಾಡಿಕೊಡುವ ಕಚೇರಿ ಅವನದು. "ನಮಗ ಒಬ್ಬರು ಬೇಕಾಗ್ಯಾರ. ದಸರಾ ಮುಗಿದ ಮ್ಯಾಲ ನಿಮ್ಮ ಇಮಾನ ತಗೊಂಡ ಬರ್ರಿ, ನೋಡೂಣು" ಎಂದ.

ಅಂಟು, ಕತ್ತರಿ, ಕಾಗದಕ್ಕೆ ತಿಂಗಳ ಪಗಾರ ಕೊಡುವ ಕಚೇರಿ ಭೂಮಿಯ ಮೇಲಿದೆ ಎಂಬುದೇ ಸುಭಾಸನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತನಗೆ ಬರುವ ಕೆಲಸವೊಂದೇ, ಅದನ್ನು ಕೇಳಿದವನೂ ಒಬ್ಬನೇ. ಇದು ತಪ್ಪಿದರೆ ಉಳಿದ ಆಯುಷ್ಯವೆಲ್ಲ ಆಧಾರ್ ಕಾರ್ಡಿನ ಎರಡೂ ಬದಿ ಝೆರಾಕ್ಸ್ ತೆಗೆಯುವುದೇ ಎಂದು ಅವನು ಸರಿಯಾಗಿ ಲೆಕ್ಕ ಹಾಕಿದ. ವಿಮಾನವನ್ನು ಮನೆಗೆ ಒಯ್ದು ಜಗಲಿಯ ಮೇಲಿಟ್ಟ.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆಯ ದಿನ ಬೆಳಿಗ್ಗೆ ಅಂಗಡಿಯ ಮಶೀನಿಗೆ ಹೂವು ಏರಿಸಿ, ಚಾಚಾ ತಂದ ಪೇಡೆ ತಿಂದು ಸುಭಾಸ ಮನೆಗೆ ಬಂದ. ಪಡಸಾಲೆಯಲ್ಲಿ ಕುಡಗೋಲು, ಕೊಡಲಿ, ಕತ್ತರಿ, ಸೈಕಲ್ಲು ತೊಳೆಸಿಕೊಂಡು ಸಾಲಾಗಿ ಕೂತಿದ್ದವು. ನಡುವೆ ವಾಪಿಟಿ. ಮೇಲಿನ ರೆಕ್ಕೆಯ ಆ ತುದಿಯಿಂದ ಈ ತುದಿಗೆ ಹಸಿ ವಿಭೂತಿಯ ಮೂರು ಬೆರಳ ಗೆರೆ. ವಿಮಾನದ ಬಂದೂಕಿನ ಮೇಲೆ ಒಂದು ಚೆಂಡುಹೂವು.

ಸುಭಾಸ ಹೂವು ತೆಗೆದು ರೆಕ್ಕೆಯ ಮೇಲೆ ಬಾಗಿದ. ಮರೆವ್ವ ತಾನೇ ಹೇಳಿದಳು: "ಎಲ್ಲಾ ನೀರು ಹಾಕಿ ತೊಳದೆ. ಇದಕ್ಕ ಹಾಕಲಿಲ್ಲ. ಕಾಗದಂತ ಗೊತ್ತೈತಿ ನನಗ, ಅಷ್ಟ ಹುಚ್ಚಿ ಅಲ್ಲ ನಾ. ಬರೇ ಇಬತ್ತಿ ಹಚ್ಚೇನಿ."

"ಯಾಕ ಹಚ್ಚಿದಿ ಯವ್ವಾ?"

"ನೀನ ಅಂದಿಯಲ್ಲೋ, ಯುದ್ಧದ್ದಂತ. ಕುಡಗೋಲಿಗೆ ಹಚ್ಚಿ ಇದಕ್ಕ ಬಿಟ್ರ ಹೆಂಗ? ನಾಡಿದ್ದ ಇದನ್ನ ಹಿಡಕೊಂಡ ನೌಕರಿಗೆ ಹೊಂಟೀದಿ."

ಒಣಗುತ್ತ ಹೋದಂತೆ ರೆಕ್ಕೆ ಹಪ್ಪಳದ ಹಾಗೆ ಅಂಚಿನಲ್ಲಿ ಎದ್ದಿತು. ಹತ್ತಿಯಿಂದ ಒರೆಸಿದರೆ ವಿಭೂತಿಯ ಜೊತೆ ಬೆಳ್ಳಿಬಣ್ಣವೂ ಕಿತ್ತು ಬಂತು. ಬೇರೆಯವರಾಗಿದ್ದರೆ ಹೊಸ ರೆಕ್ಕೆ ಕತ್ತರಿಸುತ್ತಿದ್ದರು, ಅರ್ಧ ದಿನದ ಕೆಲಸ. ಸುಭಾಸ ಆ ಕಲೆಗಳನ್ನು ಗುಂಡು ತಗುಲಿ ತೇಪೆ ಹಾಕಿದ ಜಾಗ ಮಾಡಲು ಕೂತ. ತೇಪೆಗೆ ಹೊಲಿಗೆ, ಹೊಲಿಗೆಗೆ ಮಾಸಿದ ಬಣ್ಣ. ಎರಡು ದಿನ ತಲೆ ಎತ್ತಲಿಲ್ಲ. ಊರೆಲ್ಲ ಬನ್ನಿ ಹಂಚಿಕೊಂಡು ಓಡಾಡುವಾಗ ಅವನು ಎಡಗೈಯಿಂದಲೇ ಬನ್ನಿ ಇಸಕೊಂಡು ಬೈಸಿಕೊಂಡ.

ಬಸವನ ಬಾಗೇವಾಡಿಯವರೆಗೆ ಬಸ್ಸಿನಲ್ಲಿ ನಿಂತು, ಡಬ್ಬಿಯನ್ನು ಬಾಣಂತಿಯ ಕೂಸಿನಂತೆ ಎದೆಗೆ ಹಿಡಿದು ವಿಜಯಪುರ ಮುಟ್ಟಿದ. ಚೇತನಕುಮಾರ ಅವನಷ್ಟೇ ವಯಸ್ಸಿನವನು. ವಿಮಾನವನ್ನು ತಿರುಗಿಸಿ ನೋಡಿದ. ಇಂಜಿನ್ನಿನ ಹತ್ತಿರ ಕಣ್ಣು ಒಯ್ದು, "ಇದು ದಾರ ಏನ್ರಿ?" ಎಂದ. ರೆಕ್ಕೆಯ ತೇಪೆ ಅವನ ಕಣ್ಣಿಗೆ ಬೀಳಲೇ ಇಲ್ಲ.

"ಭಾರೀ ಐತಿ. ಎಷ್ಟ ದಿನ ಹಿಡೀತು?"

ಒಂದು ವಾರ ಎಂದು ಹೇಳಬೇಕೆಂದು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದ ಸುಭಾಸನೊಳಗೆ ಅದೆಲ್ಲಿತ್ತೋ ಅಭಿಮಾನ, ಹೆಡೆ ಎತ್ತಿತು. "ಹದಿನಾಲ್ಕ ತಿಂಗಳ್ರಿ."

ಚೇತನಕುಮಾರ ವಿಮಾನವನ್ನು ಮೆಲ್ಲಗೆ ಕೆಳಗಿಟ್ಟ. ಮಾದರಿಗಳ ಗೋಡೆಗಳನ್ನು ಈಗ ಮಶೀನೇ ಕತ್ತರಿಸುತ್ತದೆ, ಮನುಷ್ಯರು ಬೇಕಾದದ್ದು ಗಿಡಗಳಿಗೆ ಎಂದು ತಿಳಿಸಿ ಹೇಳಿದ. ತಂತಿ ಹೊಸೆದು, ಅಂಟಿನಲ್ಲಿ ಅದ್ದಿ, ಹಸಿರು ಸ್ಪಂಜಿನ ಪುಡಿಯಲ್ಲಿ ಹೊರಳಿಸಿದರೆ ಒಂದು ಗಿಡ. ಬೆರಳುದ್ದ. "ಇನ್ನೂರು ಗಿಡ ಮಾಡಿ ಸೋಮವಾರ ತರ್ರಿ. ತಂದ್ರ ಅವತ್ತಿಂದನ ಕೆಲಸಕ್ಕ ಹತ್ತಿ ಬಿಡ್ರಿ." ಪುಡಿಯ ಚೀಲ, ತಂತಿಯ ಸುರುಳಿ ಕೊಟ್ಟು ಕಳಿಸಿದ.

ಐದು ದಿನಕ್ಕೆ ಇನ್ನೂರು. ಸುಭಾಸ ರಜೆ ಹಾಕಿ ಕೂತ. ಮೊದಲ ನಾಲ್ಕು ಗಿಡ ಒಂದು ತಾಸಿನಲ್ಲಿ ಆದವು. ಸಾಲಾಗಿ ನಿಲ್ಲಿಸಿ ನೋಡಿದ. ನಾಲ್ಕೂ ಹೂಕೋಸಿನಂತಿದ್ದವು. ಇಂಥ ಗಿಡ ಈ ತಾಲೂಕಿನಲ್ಲಿ ಎಲ್ಲಿದೆ ಎಂದು ಅವನಿಗೆ ಒಂದೇ ಸಮ ಕಸಿವಿಸಿ. ಕಿತ್ತ. ಬೇವಿನ ಗಿಡದ ಕಾಂಡ ಆಳೆತ್ತರಕ್ಕೆ ಬಂದು ಕವಲಾಗುತ್ತದಲ್ಲ, ಹಾಗೆ ಹೊಸೆದ. ಚಿಗುರೆಲೆಗೆ ಬಣ್ಣ ಬೇರೆ ಬೇಕೆಂದು ಪುಡಿಗೆ ಅರಿಶಿನ ಕಲಸಿದ. ತೊಗಟೆಗೆ ಚಹಾಪುಡಿ ಉದುರಿಸಿದ.

ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ತಿಳಿದಿತ್ತು. ಬೆರಳುಗಳಿಗೆ "ಸಾಕು, ಮುಂದಿನದು" ಎಂದು ಬಾಯಿಬಿಟ್ಟು ಹೇಳಿಯೂ ನೋಡಿದ.

ಮರೆವ್ವ ಕೌದಿ ಹೊಲಿಯುತ್ತ ಕೂತಲ್ಲಿಂದಲೇ ಕೇಳಿದಳು: "ಆ ಮನಶ್ಯಾ ನಿನಗ ಗಿಡ ಅಂದನೋ, ಬೇವಿನ ಗಿಡ ಅಂದನೋ?"

"ಗಿಡ ಅಂದಾನ."

"ಮತ್ತ?"

ಒಂದು ಟೊಂಗೆ ಹೊರಗೆ ಹೆಚ್ಚು ಚಾಚಿತ್ತು, ಸುಭಾಸ ಅದನ್ನು ಇಕ್ಕಳದಿಂದ ಬಗ್ಗಿಸುತ್ತಿದ್ದ.

ರವಿವಾರ ಮಧ್ಯಾಹ್ನ ಫೋನು ಬಂತು. "ಎಷ್ಟಾದವ್ರಿ ಸುಭಾಸ?"

"ಹತ್ತೊಂಬತ್ತು ರೀ."

"ಹತ್ತೊಂಬತ್ತು ಡಜನ್? ಅಂದ್ರ ಮುಗಿದಂಗ ಆತಲ್ಲ!" ಚೇತನಕುಮಾರನ ದನಿಯಲ್ಲಿ ನಿಜವಾದ ಖುಷಿಯಿತ್ತು.

ಸುಭಾಸ ಎದುರಿನ ಗಿಡಗಳನ್ನು ಮತ್ತೊಮ್ಮೆ ನೋಡಿಕೊಂಡ. "ಡಜನ್ ಅಲ್ರಿ. ಹತ್ತೊಂಬತ್ತು ಗಿಡ."

ಆ ಕಡೆ ಯಾರೋ ಮಶೀನು ಬಂದ್ ಮಾಡಿದರು. ಆಮೇಲೆ ಚೇತನಕುಮಾರ ಸಿಟ್ಟಿಲ್ಲದೆ, ಮನೆಯ ಮಂದಿಗೆ ಹೇಳುವಂತೆ ಹೇಳಿದ: "ಪುಡಿ ಎಷ್ಟ ಉಳದೈತೋ ಅಷ್ಟ ಬಸ್ಸಿಗೆ ಹಾಕಿ ಕಳಿಸಿ ಬಿಡ್ರಿ. ಬ್ಯಾರೆಯವರಿಗೆ ಕೊಡ್ಬೇಕು."

ಪುಡಿ ಬಹಳವೇ ಉಳಿದಿತ್ತು. ಅರ್ಧಕ್ಕೆ ಅರಿಶಿನ ಬೆರೆತಿತ್ತು. ಸುಭಾಸ ಬೆರೆತದ್ದನ್ನು ಬದಿಗೆ ಸರಿಸಿ, ಉಳಿದದ್ದನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದ.

"ಆ ಗಿಡ ಒಯ್ಯಂಗಿಲ್ಲೇನು?" ಮರೆವ್ವ ಕೇಳಿದಳು.

"ಬ್ಯಾಡಂತ" ಎಂದು ಸುಭಾಸ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟ.