ಕೃಷ್ಣೆಯ ದಂಡೆಗೆ ಬಂದ ಕಡಲ ಕ್ಯಾಪ್ಟನ್

ಬೆಳಗಿನ ರೈಲಿನಿಂದ ರಾಯಚೂರಿನಲ್ಲಿ ಇಳಿದ ಕೂಡಲೇ ಕ್ಯಾಪ್ಟನ್ ಲವೀನಾ ಕೇಳಿದರು, "ನಿಮ್ಮ ಅಮ್ಮನಿಗೆ ಸಿಟ್ಟು ಬೇಗ ಬರುತ್ತದಾ?"

"ಬರುವುದೇನು ಬಂತು, ಅಲ್ಲೇ ಇರುತ್ತದೆ" ಎಂದೆ.

ನಾನು ಕಾರವಾರದ ಕಡೆಯ ಒಂದು ಹಾಯಿದೋಣಿ ಕ್ಲಬ್ಬಿನ ಕಚೇರಿಯಲ್ಲಿದ್ದೇನೆ. ದಡ ಕಣ್ಣಿಗೆ ಬೀಳದಷ್ಟು ದೂರ, ಹಗಲು ರಾತ್ರಿ ಕಡಲಲ್ಲೇ ಓಡುವ ಪಂದ್ಯಗಳು ನಮ್ಮ ಕ್ಲಬ್ಬಿನ ಹುಚ್ಚು. ರಜೆಗೆಂದು ಬರುತ್ತಿದ್ದ ತಂಗಿ ಶಶಿಗೂ ಅದು ಹತ್ತಿ, ಈ ಸಲ ಲವೀನಾ ಅವರ ತಂಡದಲ್ಲಿ ಜಾಗ ಸಿಕ್ಕಿತ್ತು. ಅವ್ವ ಮಾತ್ರ ಒಪ್ಪಿರಲಿಲ್ಲ. "ಆ ಕ್ಯಾಪ್ಟನ್‌ನ ಇಲ್ಲಿಗಿ ಕರ್ಕೊಂಡು ಬಾ. ನೋಡಿ ಹೇಳ್ತೀನಿ" ಎಂದಿದ್ದಳು ಫೋನಿನಲ್ಲಿ. ಅವ್ವ ಹ್ಞೂಂ ಎನ್ನದೆ ಶಶಿ ಹೊರಡುವವಳಲ್ಲ.

ಸ್ಟೇಷನ್ನಿನ ಹೊರಗೆ ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಮಾನ್ವಿ ಬಸ್ಸು ಹತ್ತಿದೆವು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಕೈಚಾಚಿದ್ದು ನನ್ನೊಬ್ಬನ ಕಡೆಗೇ. ಕಲ್ಲೂರು ದಾಟಿ ಭತ್ತದ ಗದ್ದೆಗಳು ಬಂದರೂ ಮಿರ್ಚಿಯ ಖಾರಕ್ಕೆ ಲವೀನಾ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಮಾನ್ವಿಯ ಶಾಲೆಯೊಂದರಲ್ಲಿ ಆಟದ ಟೀಚರ್ ಆಗಿರುವ ಶಶಿ, ಕಡಲಿಗೆ ಹೊರಟ ಚೀಲದ ಸಮೇತ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದಳು.

"ಅವ್ವ ಬ್ಯಾಡ ಅಂದ್ರ ಸಂಜಿ ಬಸ್ಸಿಗೇ ವಾಪಸ್ ಬರ್ತೀನಿ" ಎಂದಳು. ನಗುತ್ತಲೇ ಅಂದಳು, ಆದರೆ ಚೀಲವನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ದೇವದುರ್ಗದಲ್ಲಿ ಬಸ್ಸು ಬದಲಿಸಿ, ಕೃಷ್ಣೆಯ ದಂಡೆಯ ನಮ್ಮೂರು ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. "ಮೊದಲ ಉಣ್ರಿ, ಆಮ್ಯಾಲ ಮಾತು" ಎಂದು ಅವ್ವ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದಳು. ಊಟವಾದ ಮೇಲೂ ಮಾತಾಡದೆ ನಮ್ಮನ್ನು ಹೊಳೆಗೆ ಕರೆದೊಯ್ದಳು. ದಂಡೆಯಲ್ಲಿ ಪಕ್ಕದ ಮನೆಯ ಮೌಲಾಸಾಬ ತನ್ನ ಹರಿಗೋಲಿನ ಬಳಿ ಕುಳಿತಿದ್ದ. ಅವ್ವ ಹೋಗಿ ಅದರಲ್ಲಿ ಕುಳಿತೇಬಿಟ್ಟಳು.

"ನನ್ನ ಆಚಿ ದಂಡಿಗೆ ಮುಟ್ಟಸ್ರಿ. ಮಗಳನ್ನ ಕಡಲಿಗೆ ಒಯ್ಯಾಕಿ ನೀವು, ನನ್ನ ಒಂದು ಹೊಳಿ ದಾಟಸಾಕ ಆಗಲ್ಲೇನು?"

ಲವೀನಾ ನೀರು ನೋಡಿದರು, ಹರಿಗೋಲು ನೋಡಿದರು. "ಲೈಫ್ ಜಾಕೆಟ್ ಇಲ್ಲದೆ ನಾನು ಯಾರನ್ನೂ ನೀರಿಗೆ ಇಳಿಸುವುದಿಲ್ಲ ಅಮ್ಮಾ. ನಿಮ್ಮನ್ನೂ ಇಲ್ಲ."

"ಈ ಹೊಳಿ ನಾನು ಹುಟ್ಟಿದಾಗಿಂದ ದಾಟಾಕತ್ತೀನಿ."

"ಇರಬಹುದು. ಆದರೂ ಇಲ್ಲ."

ಶಶಿಯ ಮುಖ ಬಾಡಿತು. ನನಗೆ ಲವೀನಾ ಮೇಲೆ ಸಿಟ್ಟೇ ಬಂತು. ಸ್ವಲ್ಪ ಹ್ಞೂಂ ಎಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಅವ್ವ ಹರಿಗೋಲಿನಿಂದ ಇಳಿದು ಮನೆಯ ಕಡೆ ನಡೆದಳು. ಕೆಲಸ ಕೆಟ್ಟಿತೆಂದು ನಾವು ಮರಳಲ್ಲಿ ಕುಳಿತೆವು.

ಸ್ವಲ್ಪ ಹೊತ್ತಿಗೆ ಅವ್ವ ಬಂದಳು. ಎರಡೂ ಕೈಯಲ್ಲಿ ಹಗ್ಗ ಕಟ್ಟಿದ ಒಣ ಸೋರೆಬುರುಡೆಗಳು. ನಮ್ಮೂರಲ್ಲಿ ಎಲ್ಲರೂ ಈಜು ಕಲಿತದ್ದು ಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡೇ. ನಾನು, ಶಶಿ ಕಟ್ಟಿಕೊಂಡವೇ ಅವು. ಅಟ್ಟದ ಮೇಲೆ ಹಾಗೇ ಇದ್ದವು.

"ಇದು ನಡೀತದೇನ್ರೀ, ನೋಡ್ರಿ" ಎಂದಳು.

ಲವೀನಾ ಒಂದೊಂದನ್ನೂ ನೀರಿನಲ್ಲಿ ಒತ್ತಿ ನೋಡಿದರು, ಹಗ್ಗ ಜಗ್ಗಿದರು, ಅವ್ವನ ಬೆನ್ನಿಗೆ ತಾವೇ ಬಿಗಿದರು, ತಾವೂ ಕಟ್ಟಿಕೊಂಡರು. ಆಮೇಲೆ ಹುಟ್ಟು ಹಾಕಿದರು. ಕಡಲು ತಿರುಗಿದ ಕ್ಯಾಪ್ಟನ್ನಿಗೆ ಹರಿಗೋಲು ಬಗ್ಗಲಿಲ್ಲ. ಅದು ಗಿರಗಿರನೆ ಒಂದೇ ಕಡೆ ಸುತ್ತತೊಡಗಿತು. ಮೊದಲು ನಕ್ಕವರು ಲವೀನಾ. ಅವರ ಹಿಂದೆಯೇ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಅಷ್ಟು ನಕ್ಕಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಆಚೆ ದಂಡೆ ದೂರವೇ ಉಳಿಯಿತು. ಕೊನೆಗೆ ಮೌಲಾಸಾಬ ಎದೆಮಟ್ಟ ನೀರಿಗಿಳಿದು ಇಬ್ಬರನ್ನೂ ಎಳೆದು ತಂದ.

ಅವ್ವ ಇಳಿದವಳೇ ಶಶಿಗೆ ಹೇಳಿದಳು, "ನಾನು ಹೇಳಿದ್ರೂ ಈಕಿ ಅಂಜಲಿಲ್ಲ. ತನಗ ಬ್ಯಾಡ ಅನಿಸಿದ್ದು ಬ್ಯಾಡ ಅಂದ್ಲು. ಈಕಿ ಜೋಡಿ ಹೋಗವ್ವ."

ಶಶಿ ಅವ್ವನನ್ನು ತಬ್ಬಿಕೊಂಡಳು.

ಸಂಜೆ ರಾಯಚೂರಿನ ಬಸ್ಸಿಗೆ ಊರ ಹೊರಗೆ ನಿಂತೆವು. ಅವ್ವ ಕಟ್ಟಿಕೊಟ್ಟ ಕಟಕ್ ರೊಟ್ಟಿಯ ಗಂಟಿಗೆ ಜಾಗ ಮಾಡಲು ಶಶಿ ಎರಡು ಜೊತೆ ಬಟ್ಟೆ ತೆಗೆದು ಅವ್ವನ ಕೈಗಿತ್ತಳು. ಬಸ್ಸು ತಿರುವಿನಲ್ಲಿ ನಿಧಾನವಾದಾಗ ಮೂವರೂ ಹಿಂದಿರುಗಿ ನೋಡಿದೆವು. ಅವ್ವ ಆ ಬಟ್ಟೆಗಳನ್ನು ಎದೆಗೊತ್ತಿಕೊಂಡು ಕೈ ಬೀಸುತ್ತಿದ್ದಳು. ಬೆನ್ನ ಮೇಲಿನ ಬುರುಡೆ ಬಿಚ್ಚುವುದನ್ನು ಮರೆತಿದ್ದಳು.